ಕಾಸರಗೋಡಿನ ಮಕ್ಕಳು ಐಟಿ ಕೆಲಸಕ್ಕೆ ಯಾವ ರಾಜ್ಯದ ಸ್ಥಳೀಯರು?

ಪೆರ್ಲದಕ್ಕ:
ಮಗಳು ಈ ವರ್ಷ ಕಂಪ್ಯೂಟರ್ ಸಯನ್ಸಲ್ಲಿ ಬಿಟೆಕ್ ಮುಗಿಸಿದಳು. ಒಂದರಿಂದ ಹತ್ತನೇ ವರೆಗೆ ಓದಿದ್ದು ಇಲ್ಲೇ, ಊರಿನ ಕನ್ನಡ ಶಾಲೆಯಲ್ಲಿ. ಕಾಲೇಜಿಗೆ ಈ ಸಲ ಬಂದ ಕಂಪನಿಗಳು ತುಂಬ ಕಮ್ಮಿ. ಬಂದವರೂ ಬೆರಳೆಣಿಕೆಯ ಮಕ್ಕಳನ್ನು ತೆಗೆದುಕೊಂಡು ಹೋದರು. ಈಗ ಅವಳು ಬೆಂಗಳೂರಿನಲ್ಲಿ ಪಿಜಿ ಹಿಡಿದು ಕೆಲಸ ಹುಡುಕುತ್ತೇನೆ ಎನ್ನುತ್ತಾಳೆ. ಅವಳ ಅಪ್ಪನಿಗೆ ಕೊಚ್ಚಿಯೇ ಒಳ್ಳೆಯದು ಅಂತ.

ನನಗೆ ಬೇರೆಯೇ ಒಂದು ಚಿಂತೆ. 2024ರ ಜುಲೈಯಲ್ಲಿ ಕರ್ನಾಟಕದ ಸಂಪುಟ ಒಪ್ಪಿದ ಮಸೂದೆ ನೆನಪುಂಟಲ್ಲ? ಖಾಸಗಿ ಕಂಪನಿಗಳ ಮ್ಯಾನೇಜ್‌ಮೆಂಟ್ ಹುದ್ದೆಗಳಲ್ಲಿ ಶೇ. 50, ಉಳಿದ ಹುದ್ದೆಗಳಲ್ಲಿ ಶೇ. 70 ಸ್ಥಳೀಯರಿಗೆ ಅಂತ. ಎರಡು ದಿನದಲ್ಲೇ ತಡೆಹಿಡಿದರು, ನಿಜ. ಆದರೆ ಇವತ್ತಲ್ಲ ನಾಳೆ ಅದು ಬೇರೆ ರೂಪದಲ್ಲಿ ಬಂದರೆ ನನ್ನ ಮಗಳು ಯಾವ ಪಟ್ಟಿಯಲ್ಲಿ? ಇಲ್ಲಿ ಕೇರಳದಲ್ಲಿ ನಾವು ಭಾಷಾ ಅಲ್ಪಸಂಖ್ಯಾತರು. ಅಲ್ಲಿ ಹೋದರೆ ಹೊರರಾಜ್ಯದವರು. ಕಂಪನಿಯೊಳಗಿನ ವಿಷಯ ಗೊತ್ತಿರುವವರು ಹೇಳಿ.

ಮುಳ್ಳೇರಿಯ ಟು ಮಾರತ್ತಹಳ್ಳಿ:
ಅಕ್ಕ, ಸುಮ್ನೆ ತಲೆಬಿಸಿ ಮಾಡಬೇಡಿ. ನಾನು ಬೆಂಗಳೂರಿಗೆ ಬಂದು ಹತ್ತು ವರ್ಷದ ಮೇಲಾಯಿತು. ಇಂಟರ್‌ವ್ಯೂನಲ್ಲಿ ಒಬ್ಬರೂ ಊರು ಯಾವ ರಾಜ್ಯದಲ್ಲಿ ಅಂತ ಕೇಳಿದ್ದಿಲ್ಲ. ಕೇಳುವುದು ಪ್ರಾಜೆಕ್ಟ್ ಏನು, ಗಿಟ್‌ಹಬ್‌ನಲ್ಲಿ (ಬರೆದ ಕೋಡ್ ಇಡುವ ಸೈಟು) ಏನುಂಟು, ಕೋಡ್ ಬರೆಯಲು ಬರುತ್ತದಾ ಅಂತ. ಮಗಳನ್ನು ಬೆಂಗಳೂರಿಗೆ ಕಳಿಸಿ. ರೆಫರಲ್, ಅಂದರೆ ಕಂಪನಿಯೊಳಗಿನವರ ಶಿಫಾರಸು, ಸಿಗುವುದು ಇಲ್ಲಿ ಇದ್ದರೆ ಮಾತ್ರ.

ಇನ್ನೊಂದು ವಿಷಯ. ಜಾಬ್ ಪೋರ್ಟಲ್‌ನಲ್ಲಿ ಎಚ್‌ಆರ್‌ನವರು ಹುಡುಕುವಾಗ ಮೊದಲು ಊರಿನ ಫಿಲ್ಟರ್ ಹಾಕುತ್ತಾರೆ. ಅಲ್ಲಿ ಕಾಸರಗೋಡು ಅಂತ ಇದ್ದರೆ ರೆಸ್ಯುಮೆ ಅವರ ಕಣ್ಣಿಗೇ ಬೀಳುವುದಿಲ್ಲ. ಪಿಜಿ ಹಿಡಿದ ದಿನವೇ ಅದನ್ನು ಬದಲಾಯಿಸಲು ಹೇಳಿ.

ಕುಂಬಳೆ ಮಾಷ್ಟ್ರು:
ಇವತ್ತು ಯಾರೂ ಕೇಳುವುದಿಲ್ಲ ಸರಿ. ಕಾನೂನು ಬಂದ ಮೇಲೆ ಕೇಳಲೇಬೇಕಾಗುತ್ತದೆ. ಆ ಮಸೂದೆಯಲ್ಲಿ ಕಂಪನಿಗೆ 10 ಸಾವಿರದಿಂದ 25 ಸಾವಿರ ರೂಪಾಯಿ ದಂಡ ಇತ್ತು. ಹಾಗಾಗಿ ಅಕ್ಕನ ಪ್ರಶ್ನೆಯನ್ನು ತಳ್ಳಿಹಾಕಬೇಡಿ.

ಸ್ಥಳೀಯ ಅಭ್ಯರ್ಥಿ ಅಂದರೆ ಯಾರು ಎಂದು ಅದರಲ್ಲಿ ಬರೆದದ್ದು ಹೀಗೆ: ಕರ್ನಾಟಕದಲ್ಲಿ ಹುಟ್ಟಿರಬೇಕು, 15 ವರ್ಷ ಅಲ್ಲಿ ವಾಸವಿರಬೇಕು, ಕನ್ನಡ ಮಾತಾಡಲು, ಓದಲು, ಬರೆಯಲು ಬರಬೇಕು. ಎಸ್‌ಎಸ್‌ಎಲ್‌ಸಿಯಲ್ಲಿ ಕನ್ನಡ ಓದಿರಬೇಕು, ಇಲ್ಲದಿದ್ದರೆ ಕನ್ನಡ ಪರೀಕ್ಷೆ ಪಾಸಾಗಬೇಕು. ನಮ್ಮ ಮಕ್ಕಳಿಗೆ ಕನ್ನಡದ ಷರತ್ತು ಸುಲಭ. ಹತ್ತು ವರ್ಷ ವಿಜ್ಞಾನ, ಗಣಿತ ಎಲ್ಲವನ್ನೂ ಕನ್ನಡದಲ್ಲೇ ಓದಿದವರು. ಹುಟ್ಟು ಮತ್ತು ವಾಸದ ಷರತ್ತಿನಲ್ಲಿ ಹೊರಗೆ ಬೀಳುತ್ತಾರೆ. ನನಗೆ ನೋವಾಗುವುದು ಇದೇ.

ನೀರ್ಚಾಲು ಭಾವ:
ಮಾಷ್ಟ್ರೇ, ಹುಟ್ಟಿನ ವಿಷಯದಲ್ಲಿ ಒಂದು ವಿಚಿತ್ರ ನೋಡಿ. ನಮ್ಮ ಕಡೆ ಹೆರಿಗೆ ಸ್ವಲ್ಪ ಕಷ್ಟ ಅಂತ ಗೊತ್ತಾದರೆ ಮಂಗಳೂರಿಗೇ ಹೋಗುವುದು. ನಮ್ಮ ಮನೆಯಲ್ಲೇ ದೊಡ್ಡವನ ಜನನ ಪತ್ರ ಮಂಗಳೂರಿನದ್ದು, ಚಿಕ್ಕವಳದ್ದು ಕಾಸರಗೋಡಿನದ್ದು. ಒಂದೇ ಶಾಲೆ, ಒಂದೇ ಬೆಂಚು. ಹಾಗಾದರೆ ಅಣ್ಣ ಅರ್ಧ ಸ್ಥಳೀಯ, ತಂಗಿ ಪೂರಾ ಹೊರಗಿನವಳು. ಇದಕ್ಕೆ ಅರ್ಥ ಉಂಟಾ?

ಉಪ್ಪಳ ಎಕ್ಸ್‌ಪ್ರೆಸ್:
ನನ್ನದೂ ಮಂಗಳೂರಿನ ಜನನ ಪತ್ರವೇ. ವಾಸದ 15 ವರ್ಷಕ್ಕೆ ಏನು ಮಾಡುವುದು?

ಓಪನ್ ಮಾರ್ಕೆಟ್:
ಎಲ್ಲರಿಗೂ ಬೇಸರವಾದರೂ ಹೇಳುತ್ತೇನೆ. ಈ ಮೀಸಲಾತಿ ಬರುವುದೂ ಇಲ್ಲ, ಬರಬಾರದು ಕೂಡ. ಹರಿಯಾಣ ಶೇ. 75 ಅಂತ ಕಾನೂನೇ ಮಾಡಿತು. 2023ರ ನವೆಂಬರ್‌ನಲ್ಲಿ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ ಅದನ್ನು ರದ್ದು ಮಾಡಿತು. ಕರ್ನಾಟಕದ ಮಸೂದೆ ಸುದ್ದಿಯಾದ ಕೂಡಲೇ ಐಟಿ ಕಂಪನಿಗಳ ಒಕ್ಕೂಟ ನಾಸ್ಕಾಮ್ ಆತಂಕ ಹೇಳಿತು. ಆಂಧ್ರದ ಮಂತ್ರಿ ನಾರಾ ಲೋಕೇಶ್ ಕಂಪನಿಗಳಿಗೆ ವಿಶಾಖಪಟ್ಟಣಕ್ಕೆ ಬನ್ನಿ ಅಂತ ಬಹಿರಂಗವಾಗಿ ಕರೆದರು. ಕಂಪನಿ ಎದ್ದು ಹೋದರೆ ಸ್ಥಳೀಯರಿಗೂ ಇಲ್ಲ, ನಮಗೂ ಇಲ್ಲ. ಕಾಸರಗೋಡಿನವರಂತೂ ಇದನ್ನು ವಿರೋಧಿಸಬೇಕು, ಯಾಕೆಂದರೆ ಬಾಗಿಲು ಮುಚ್ಚುವುದು ನಮ್ಮ ಮುಖಕ್ಕೇ.

ಕುಂಬಳೆ ಮಾಷ್ಟ್ರು:
ಬಾಗಿಲು ಮುಚ್ಚುವುದು ನಮ್ಮ ಮುಖಕ್ಕೆ ಎನ್ನುವುದನ್ನು ಒಪ್ಪುತ್ತೇನೆ, ಮೀಸಲಾತಿ ಬರಲೇಬಾರದು ಎನ್ನುವುದನ್ನು ಇಲ್ಲ. ಕನ್ನಡಿಗರಿಗೆ ಕೆಲಸ ಎನ್ನುವುದು ನಿನ್ನೆ ಮೊನ್ನೆಯ ಕೂಗಲ್ಲ. ಅದನ್ನೇ ಶಿಫಾರಸು ಮಾಡಿದ ಸರೋಜಿನಿ ಮಹಿಷಿ ವರದಿ ಬಂದದ್ದು 1980ರ ದಶಕದಲ್ಲಿ. ಸರ್ಕಾರದ ಜಾಗ, ನೀರು, ಕರೆಂಟು, ತೆರಿಗೆ ರಿಯಾಯಿತಿ ಎಲ್ಲ ತೆಗೆದುಕೊಂಡ ಮೇಲೆ ಆ ನೆಲದ ಮಕ್ಕಳಿಗೆ ಕೆಲಸ ಕೊಡಿ ಎನ್ನುವುದು ನ್ಯಾಯದ ಮಾತು. ನಮ್ಮ ತಕರಾರು ಮೀಸಲಾತಿ ಬೇಡ ಅಂತಲ್ಲ. ಗೆರೆ ಎಳೆಯುವಾಗ ನಮ್ಮನ್ನು ಬಿಟ್ಟು ಎಳೆಯಬೇಡಿ ಅಂತ.

ಓಪನ್ ಮಾರ್ಕೆಟ್:
ಎಲ್ಲರೂ ತಮ್ಮನ್ನು ಬಿಡಬೇಡಿ ಎಂದರೆ ಗೆರೆ ಯಾಕೆ ಬೇಕು ಮಾಷ್ಟ್ರೇ? ಬರುವವನಿಗೆ ಕೆಲಸ ಗೊತ್ತಾ ಇಲ್ಲವಾ, ಅಷ್ಟೇ ನೋಡಿ.

ಪೆರ್ಲದಕ್ಕ:
ಕೆಲಸ ಗೊತ್ತಿರುವ ಇಬ್ಬರು ಇದ್ದಾಗ ಏನು ಮಾಡುತ್ತಾರೆ ಎನ್ನುವುದೇ ನನ್ನ ಪ್ರಶ್ನೆ. ಫ್ರೆಷರ್‌ಗಳೆಲ್ಲ ಹೆಚ್ಚುಕಮ್ಮಿ ಒಂದೇ ಮಟ್ಟದವರು ಅಲ್ವಾ? ಆಗ ಕಂಪನಿ ದಂಡ ತಪ್ಪಿಸಿಕೊಳ್ಳಲು ಪಟ್ಟಿಯಲ್ಲಿ ಇರುವವರನ್ನೇ ತೆಗೆದುಕೊಳ್ಳುತ್ತದೆ.

ಜತ್ತದ ಶಿಕ್ಷಕ:
ನಾನು ಸಾಂಗ್ಲಿ ಜಿಲ್ಲೆ ಜತ್ತ ತಾಲೂಕಿನವನು ರೀ. ನಮ್ಮದೂ ನಿಮ್ಮಂಥದ್ದೇ ಕಥೆ. ಓದುವುದು ಕನ್ನಡ, ಸರ್ಕಾರ ಮರಾಠಿಯದ್ದು. ಒಂದು ವಿಷಯ ನಿಮ್ಮ ಕಡೆ ಹೆಚ್ಚು ಜನಕ್ಕೆ ಗೊತ್ತಿರಲಿಕ್ಕಿಲ್ಲ. ಕರ್ನಾಟಕದೊಳಗಿನ 865 ಊರು ತನ್ನವು ಅಂತ ಮಹಾರಾಷ್ಟ್ರ ವಾದಿಸುತ್ತದಲ್ಲ, ಆ ಊರಿನ ಮರಾಠಿ ಮಕ್ಕಳು ಅಲ್ಲಿ 15 ವರ್ಷ ವಾಸವಿದ್ದ ದಾಖಲೆ ತೋರಿಸಿದರೆ ಮಹಾರಾಷ್ಟ್ರದ ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕಬಹುದು. ಅಂದರೆ ಬೆಳಗಾವಿ ಕಡೆಯ ಊರಿನಲ್ಲಿ ಇದ್ದುಕೊಂಡೇ ಅವರು ಅಲ್ಲಿನವರು. 2023ರಲ್ಲಿ ಅದೇ ಊರುಗಳಿಗೆ ಆರೋಗ್ಯ ಯೋಜನೆಯನ್ನೂ ಕೊಡಲು ಹೊರಟರು.

ಗಡಿ ಜಗಳದಲ್ಲಿ ನಾನು ಯಾರ ಪರವೂ ಮಾತಾಡುತ್ತಿಲ್ಲ. ತನ್ನ ಭಾಷೆಯವರು ಆಚೆ ಇದ್ದಾರೆ ಎಂದು ನೆನಪಿಟ್ಟುಕೊಂಡು ನೇಮಕಾತಿ ನಿಯಮದಲ್ಲಿ ಒಂದು ಸಾಲು ಸೇರಿಸಿದ್ದಾರೆ, ಅದನ್ನು ನೋಡಿ ಎನ್ನುತ್ತೇನೆ. ಕರ್ನಾಟಕಕ್ಕೆ ಆ ಒಂದು ಸಾಲು ಬರೆಯಲು ಏನು ಅಡ್ಡಿ?

ನೀರ್ಚಾಲು ಭಾವ:
ಇದು ನಿಜಕ್ಕೂ ಗೊತ್ತಿರಲಿಲ್ಲ. ತುಂಬ ಉಪಕಾರವಾಯಿತು ಸರ್.

ಹೊಸೂರು ಗೇಟ್:
ಹೊಸೂರಿನಿಂದ ನಮಸ್ಕಾರ. ನಮ್ಮದು ಇನ್ನೂ ಬೇರೆ ಥರ. ಬೆಳಿಗ್ಗೆ ಅತ್ತಿಬೆಲೆ ದಾಟಿ ಎಲೆಕ್ಟ್ರಾನಿಕ್ ಸಿಟಿಗೆ ಕೆಲಸಕ್ಕೆ, ರಾತ್ರಿ ತಮಿಳುನಾಡಿಗೆ ವಾಪಸ್. ಈ ಕಡೆ ಬಾಡಿಗೆ ಕಮ್ಮಿ ಅಂತ ಬೆಂಗಳೂರಿನವರೇ ಎಷ್ಟೋ ಜನ ಇಲ್ಲಿ ಮನೆ ಮಾಡಿದ್ದಾರೆ. ಅವರ 15 ವರ್ಷ ವಾಸದ ಲೆಕ್ಕ ಹೇಗೆ? ಇಲ್ಲಿ ಸರ್ಕಾರಿ ಕೆಲಸಕ್ಕೆ ಹೋದರೆ ತಮಿಳುನಾಡಿನ ನೇಮಕಾತಿ ಆಯೋಗ ಟಿಎನ್‌ಪಿಎಸ್‌ಸಿಯ ಪರೀಕ್ಷೆಯಲ್ಲಿ ತಮಿಳು ಪತ್ರಿಕೆ ಪಾಸಾಗಲೇಬೇಕು. ಮನೆಯಲ್ಲಿ ಕನ್ನಡ, ತೆಲುಗು ಮಾತಾಡುವವರಿಗೆ ಅದು ಸುಲಭ ಅಲ್ಲ. ಮಕ್ಕಳಿಗೆ ಉಳಿಯುವುದು ಫ್ಯಾಕ್ಟರಿ. ಫೋನಿನ ಬಿಡಿಭಾಗದ ಲೈನಿಗೆ ಡಿಪ್ಲೊಮಾ ಮುಗಿಸಿದ ಹುಡುಗ ಹುಡುಗಿಯರು ಶಿಫ್ಟಿಗೆ ಹೋಗುತ್ತಾರೆ. ಅದೂ ಟೆಕ್ ಕೆಲಸವೇ, ಆದರೆ ಇಲ್ಲಿ ಯಾರೂ ಅದರ ಬಗ್ಗೆ ಮಾತಾಡುವುದಿಲ್ಲ.

ಕಾಞಂಗಾಡು ಲಿನಕ್ಸ್:
ಎಲ್ಲರೂ ಕೇರಳವನ್ನು ಬಿಟ್ಟೇ ಮಾತಾಡುತ್ತಿದ್ದೀರಿ. ದೇಶದ ಮೊದಲ ಟೆಕ್ನಾಲಜಿ ಪಾರ್ಕ್ ತಿರುವನಂತಪುರದ ಟೆಕ್ನೋಪಾರ್ಕ್, 1990ರಲ್ಲಿ. ಇಲ್ಲಿನ ಸರ್ಕಾರಿ ಶಾಲೆಗಳಲ್ಲಿ ಐಟಿ ಕಲಿಸಲು ಶುರು ಮಾಡಿ ಎರಡು ದಶಕ ದಾಟಿತು. ನಮ್ಮ ಕನ್ನಡ ಶಾಲೆಯ ಲ್ಯಾಬಿಗೆ ಹೋಗಿ ನೋಡಿ. ಕಂಪ್ಯೂಟರಿನಲ್ಲಿ ಉಬುಂಟು ಎಂಬ ಉಚಿತ ಸಾಫ್ಟ್‌ವೇರ್, ಕೈಯಲ್ಲಿ ಕನ್ನಡದಲ್ಲಿ ಅಚ್ಚಾದ ಐಸಿಟಿ ಪುಸ್ತಕ. ಹೈಸ್ಕೂಲ್ ಹುಡುಗಿ ಪೈಥಾನ್‌ನಲ್ಲಿ ಲೂಪ್ ಬರೆದು ಪರದೆಯ ಮೇಲೆ ಷಡ್ಭುಜ ಬಿಡಿಸುತ್ತಾಳೆ, ಪಕ್ಕದವಳಿಗೆ ಅದನ್ನು ತುಳುವಿನಲ್ಲಿ ವಿವರಿಸುತ್ತಾಳೆ. 2024ರಲ್ಲಿ ಏಳನೇ ಕ್ಲಾಸಿನ ಪುಸ್ತಕಕ್ಕೆ ಎಐ ಪಾಠವೂ ಬಂತು, ಕನ್ನಡ ಮಾಧ್ಯಮದವರಿಗೂ ಸೇರಿಸಿ. ಇಷ್ಟು ಕೊಟ್ಟ ರಾಜ್ಯದಲ್ಲಿ ನಿಮ್ಮ ಮಗಳಿಗೆ ಜಾಗ ಇಲ್ಲವಾ ಅಕ್ಕ? ಕೊಚ್ಚಿ ಇನ್ಫೋಪಾರ್ಕ್‌ನಲ್ಲಿ ನೋಡಿ. ಮಲಯಾಳವೂ ಅವಳಿಗೆ ಬರುತ್ತದೆ.

ಮಧೂರು ಪಯಸ್ವಿನಿ:
ಶಾಲೆಯ ಲ್ಯಾಬಿನ ಬಗ್ಗೆ ಹೇಳಿದ್ದು ಸತ್ಯ. ಆದರೆ ಅದೇ ಶಾಲೆಗಳಿಗೆ ಕನ್ನಡ ಬಾರದ ಅಧ್ಯಾಪಕರನ್ನು ಕಳಿಸಿದ್ದಕ್ಕೆ ಹೆತ್ತವರು ಬೀದಿಗಿಳಿದದ್ದೂ ಸತ್ಯ. ಪುಸ್ತಕ ಕನ್ನಡದಲ್ಲಿ ಉಂಟು, ಪಾಠ ಮಾಡುವವರಿಗೆ ಅದನ್ನು ಓದಲು ಬಾರದು. ಎರಡನ್ನೂ ಹೇಳಿ.

ಮತ್ತೆ ಕಾಸರಗೋಡಿಗೆ ಅಂತ ಏನು ಬಂತು? ಚೀಮೇನಿಯಲ್ಲಿ ಐಟಿ ಪಾರ್ಕ್ ಎಂಬ ಮಾತು ಕೇಳಿ ಕೇಳಿ ಸಾಕಾಯಿತು. ಟೆಕ್ನೋಪಾರ್ಕ್ ತಿರುವನಂತಪುರದಲ್ಲಿ, ಇನ್ಫೋಪಾರ್ಕ್ ಕೊಚ್ಚಿಯಲ್ಲಿ, ಸೈಬರ್‌ಪಾರ್ಕ್ ಕೋಝಿಕೋಡಿನಲ್ಲಿ. ಅಲ್ಲಿಂದ ಮೇಲೆ ಬಡಗಿಗೆ ಬರುವಾಗ ಎಲ್ಲ ನಿಂತುಹೋಗುತ್ತದೆ.

ಕಾಞಂಗಾಡು ಲಿನಕ್ಸ್:
ಅಧ್ಯಾಪಕರ ವಿಷಯದಲ್ಲಿ ನಾನೂ ನಿಮ್ಮ ಜೊತೆಯೇ. ಅದರ ವಿರುದ್ಧದ ಮನವಿಗೆ ಸಹಿ ಹಾಕಿದವರಲ್ಲಿ ನಾನೂ ಒಬ್ಬ.

ಬೆಂಚ್‌ನಲ್ಲಿರುವವನು:
ಸ್ಥಳೀಯ ಯಾರು ಅಂತ ಜಗಳ ಮಾಡುವ ಮೊದಲು ಕೆಲಸ ಎಷ್ಟು ಉಳಿದಿದೆ ಅಂತ ನೋಡಿ. 2025ರ ಜುಲೈಯಲ್ಲಿ ಟಿಸಿಎಸ್ ತನ್ನ ಸಿಬ್ಬಂದಿಯಲ್ಲಿ ಸುಮಾರು ಶೇ. 2, ಅಂದರೆ 12 ಸಾವಿರಕ್ಕಿಂತ ಜಾಸ್ತಿ ಜನರನ್ನು ಕಡಿಮೆ ಮಾಡುತ್ತೇವೆ ಎಂದಿತು. ದೊಡ್ಡ ಸರ್ವಿಸ್ ಕಂಪನಿಗಳಲ್ಲಿ ಫ್ರೆಷರ್ ಪ್ಯಾಕೇಜ್ ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸಿನಲ್ಲೇ ಎಷ್ಟೋ ವರ್ಷದಿಂದ ಕೂತಿದೆ. ಪಿಜಿ ಬಾಡಿಗೆ ಕೂತಿಲ್ಲ. ನಾನು ಮೂರು ತಿಂಗಳಿಂದ ಬೆಂಚ್‌ನಲ್ಲಿ ಇದ್ದೇನೆ. ಪ್ರಾಜೆಕ್ಟ್ ಇಲ್ಲ, ಆದರೂ ದಿನಾ ಆಫೀಸಿಗೆ ಹೋಗಿ ಕಾರ್ಡ್ ಸ್ವೈಪ್ ಮಾಡಬೇಕು. ಪ್ರತಿ ಶುಕ್ರವಾರ ಮೇಲ್ ತೆರೆಯಲು ಹೆದರಿಕೆ.

2024ರಲ್ಲೇ ಕರ್ನಾಟಕದಲ್ಲಿ ಇನ್ನೂ ಎರಡು ವಿಷಯ ನಡೆಯಿತು, ಅದರ ಬಗ್ಗೆ ಮೀಸಲಾತಿಯಷ್ಟು ಚರ್ಚೆ ಆಗಲಿಲ್ಲ. ಐಟಿಯವರ ಕೆಲಸದ ದಿನವನ್ನು 14 ಗಂಟೆಗೆ ಏರಿಸುವ ಪ್ರಸ್ತಾಪ ಬಂತು. ಐಟಿ ನೌಕರರ ಸಂಘ ಕೆಐಟಿಯು ಬೀದಿಗೆ ಬಂದು ವಿರೋಧಿಸಿತು. ಸ್ಟ್ಯಾಂಡಿಂಗ್ ಆರ್ಡರ್ಸ್ ಕಾಯ್ದೆಯಿಂದ ಐಟಿ ಕಂಪನಿಗಳಿಗೆ ಇದ್ದ ವಿನಾಯಿತಿಯನ್ನು ಮತ್ತೆ ಮುಂದುವರಿಸಿದರು. ಕೆಲಸದ ಷರತ್ತು, ಕೆಲಸದಿಂದ ತೆಗೆದುಹಾಕುವ ನಿಯಮ ಬರೆದು ಸರ್ಕಾರದ ಒಪ್ಪಿಗೆ ಪಡೆಯಬೇಕು ಎನ್ನುವುದು ಆ 1946ರ ಕಾಯ್ದೆಯ ಮುಖ್ಯ ಅಂಶವಾಗಿತ್ತು. ಅದೇ ಇಲ್ಲದಿದ್ದರೆ ಸ್ಥಳೀಯನನ್ನು ಸೋಮವಾರ ಸೇರಿಸಿ ಶುಕ್ರವಾರ ಕಳಿಸಬಹುದು.

ಓಪನ್ ಮಾರ್ಕೆಟ್:
ಹಳೇ ಫ್ಯಾಕ್ಟರಿ ಕಾನೂನನ್ನು ಸಾಫ್ಟ್‌ವೇರಿಗೆ ಹಾಕಿದರೆ ಹೊಸ ಕಂಪನಿ ಯಾರೂ ತೆರೆಯುವುದಿಲ್ಲ.

ಬೆಂಚ್‌ನಲ್ಲಿರುವವನು:
ವಿನಾಯಿತಿ ಎಷ್ಟೋ ವರ್ಷ ಇತ್ತು ಸ್ವಾಮಿ. ಅದಿದ್ದೂ ಜನರನ್ನು ಕಳಿಸುತ್ತಲೇ ಇದ್ದರಲ್ಲ?

ಮುಳ್ಳೇರಿಯ ಟು ಮಾರತ್ತಹಳ್ಳಿ:
ಮೂರು ತಿಂಗಳು ಬೆಂಚ್ ಅಂದರೆ ಕಷ್ಟವೇ. ನಮ್ಮ ಟೀಮಿನಲ್ಲಿ ಟೆಸ್ಟಿಂಗ್ ಆಟೊಮೇಷನ್‌ಗೆ ಜನ ಬೇಕಾಗಿದೆ. ಮೆಸೇಜ್ ಮಾಡಿ, ರೆಸ್ಯುಮೆ ಕಳಿಸಿ.

ಉಪ್ಪಳ ಎಕ್ಸ್‌ಪ್ರೆಸ್:
ವಿಷಯ ಬಿಟ್ಟು ಒಂದು ಮಾತು. ಕಣ್ಣೂರು–ಬೆಂಗಳೂರು ರಾತ್ರಿ ರೈಲಿನಲ್ಲಿ ಹಬ್ಬದ ಟೈಮಿಗೆ ಸೀಟು ಸಿಗುವುದೇ ಇಲ್ಲ. ಪ್ರೈವೇಟ್ ಬಸ್ಸಿನವರು ಬಾಯಿಗೆ ಬಂದ ರೇಟು ಹೇಳುತ್ತಾರೆ. ಬೆಂಗಳೂರಿಗೆ ಹೋಗುವ ಮಕ್ಕಳು ತಿಂಗಳಿಗೊಮ್ಮೆ ಊರಿಗೆ ಬರುತ್ತಾರೆ ಅಂತ ಲೆಕ್ಕ ಹಾಕಬೇಡಿ.

ನೀರ್ಚಾಲು ಭಾವ:
ಮಳೆಗಾಲದಲ್ಲಿ ಘಾಟಿಯಲ್ಲಿ ಗುಡ್ಡ ಕುಸಿದರೆ ಆ ರೈಲೂ ಇಲ್ಲ.

ಅಡಿಕೆ ತೋಟದ ಡೆವಲಪರ್:
ನಾನು ಕೊರೊನಾ ಟೈಮಿನಲ್ಲಿ ಊರಿಗೆ ಬಂದವನು, ವಾಪಸ್ ಹೋಗಲಿಲ್ಲ. 2020ರ ಮಾರ್ಚಿನಲ್ಲಿ ತಲಪಾಡಿ ರಸ್ತೆಗೆ ಮಣ್ಣು ಹಾಕಿ ಮುಚ್ಚಿದ್ದು ಎಲ್ಲರಿಗೂ ನೆನಪುಂಟು. ಡಯಾಲಿಸಿಸ್‌ಗೆ, ಹೆರಿಗೆಗೆ ಮಂಗಳೂರನ್ನೇ ನಂಬಿದ್ದವರು ಆಚೆ ಹೋಗಲಾಗದೆ ಒದ್ದಾಡಿದರು. ಜೀವ ಹೋದವರೂ ಇದ್ದಾರೆ. ರಾಜ್ಯದ ಗೆರೆ ಅಂದರೆ ಎಷ್ಟು ಗಟ್ಟಿ ಅಂತ ನನಗೆ ಅಂದೇ ಅರ್ಥವಾಯಿತು. ಹಾಗಾಗಿ ಮೀಸಲಾತಿಯ ಪ್ರಶ್ನೆಯನ್ನು ಸಣ್ಣದು ಅಂತ ನಾನು ಹೇಳುವುದಿಲ್ಲ.

ಈಗ ಮನೆಯಿಂದಲೇ ಒಂದು ಸಣ್ಣ ಪ್ರಾಡಕ್ಟ್ ಕಂಪನಿಗೆ ಕೆಲಸ ಮಾಡುತ್ತೇನೆ. ಬೆಳಿಗ್ಗೆ ತೋಟಕ್ಕೆ ಹೋಗಿ ಸ್ಪ್ರಿಂಕ್ಲರ್ ಬದಲಾಯಿಸಿ ಬಂದು ಮೀಟಿಂಗಿಗೆ ಕೂರುವುದು. ಎಲೆಚುಕ್ಕಿ ರೋಗ ಬಂದ ಮೇಲೆ ಅಡಿಕೆಯನ್ನೇ ನಂಬಿ ಕೂರುವ ಹಾಗಿಲ್ಲ, ಸಂಬಳ ಬೇಕೇ ಬೇಕು. ನೆಟ್ ಪರವಾಗಿಲ್ಲ. ಕೇರಳ ಸರ್ಕಾರದ ಇಂಟರ್‌ನೆಟ್ ಯೋಜನೆ ಕೆ-ಫೋನ್ 2023ರಲ್ಲಿ ಉದ್ಘಾಟನೆಯಾಯಿತು, ನಮ್ಮ ಗುಡ್ಡದ ಆಚೆಗೆ ಇನ್ನೂ ಬಂದಿಲ್ಲ. ಇಲ್ಲಿನ ಕೇಬಲಿನವರ ಫೈಬರ್ ಮೇಲೆ ನಡೆಯುತ್ತಿದೆ. ಕರೆಂಟು ಹೋದರೆ ಇನ್ವರ್ಟರ್.

ಆದರೆ ಹೊಸದಾಗಿ ಪಾಸಾದವರಿಗೆ ಇದನ್ನು ಹೇಳುವುದಿಲ್ಲ ಅಕ್ಕ. ಮೊದಲ ಎರಡು ಮೂರು ವರ್ಷ ಆಫೀಸಿನಲ್ಲಿ ಸೀನಿಯರ್ ಪಕ್ಕ ಕೂತು ಕಲಿಯಬೇಕು. ಮನೆಯಲ್ಲಿ ಕೂತರೆ ಕೋಡ್ ರಿವ್ಯೂನಲ್ಲಿ ಬೈಸಿಕೊಳ್ಳುವುದು ಮಾತ್ರ, ಕಲಿಯುವುದು ಇಲ್ಲ.

ಪೆರ್ಲದಕ್ಕ:
ಇದು ನನಗೆ ತುಂಬ ಉಪಯೋಗದ ಮಾತು. ಆಫೀಸಿಗೆ ಹೋಗಿಯೇ ಕಲಿಯಬೇಕು ಅಂತಾದರೆ ಮಂಗಳೂರು ಹೇಗೆ? ಬೆಂಗಳೂರು ಅಥವಾ ಕೊಚ್ಚಿ ಅಂತ ಎರಡೇ ಇಟ್ಟುಕೊಂಡಿದ್ದೆವು.

ಮಂಜೇಶ್ವರ ಮಳೆ:
ಮಂಗಳೂರನ್ನು ಖಂಡಿತ ಸೇರಿಸಿ. ಇನ್ಫೋಸಿಸ್‌ನ ಮುಡಿಪು ಕ್ಯಾಂಪಸ್ ನಮ್ಮ ವರ್ಕಾಡಿಗೆ ಹತ್ತಿರ. ಗಡಿ ದಾಟಿದರೆ ಸ್ವಲ್ಪವೇ ದೂರ. ನಮ್ಮ ಕಡೆಯ ಮಕ್ಕಳು ಮನೆಯಿಂದಲೇ ಹೋಗಿ ಬರುತ್ತಾರೆ. ಉಡುಪಿಯಲ್ಲಿ ರೋಬೋಸಾಫ್ಟ್ 1996ರಿಂದ ಉಂಟು. ಮಂಗಳೂರಿನಲ್ಲಿ ಸಣ್ಣ ಸಣ್ಣ ಕಂಪನಿಗಳೂ ಈಗ ಜಾಸ್ತಿ. ಸಂಬಳ ಬೆಂಗಳೂರಿಗಿಂತ ಕಮ್ಮಿ, ಆದರೆ ಖರ್ಚು ಕಳೆದರೆ ಕೈಯಲ್ಲಿ ಉಳಿಯುವುದು ಹೆಚ್ಚುಕಮ್ಮಿ ಅಷ್ಟೇ.

ಮಾಷ್ಟ್ರ ಮಾತಿಗೆ ಇಲ್ಲಿಂದಲೇ ಉದಾಹರಣೆ ಸಿಗುತ್ತದೆ. ಮನೆ ವರ್ಕಾಡಿಯಲ್ಲಿ, ಕೆಲಸ ಮುಡಿಪಿನಲ್ಲಿ. ಜೀವಮಾನ ಇಡೀ ಅಲ್ಲಿ ಕೆಲಸ ಮಾಡಿದರೂ 15 ವರ್ಷದ ವಾಸ ಆಗುವುದಿಲ್ಲ.

ತುಳು ಡೇಟಾ:
ಯಾರೂ ಹೇಳದ ಒಂದು ದಾರಿ ಹೇಳುತ್ತೇನೆ. ನಮ್ಮ ಮಕ್ಕಳಿಗೆ ಕನ್ನಡ, ಮಲಯಾಳ, ತುಳು, ಇಂಗ್ಲಿಷ್ ನಾಲ್ಕೂ ಬರುತ್ತದೆ. ಕೆಲವರಿಗೆ ಕೊಂಕಣಿ, ಮರಾಠಿ, ಬ್ಯಾರಿ ಕೂಡ. ಕೇಂದ್ರ ಸರ್ಕಾರದ ಭಾಷಿಣಿ, ಐಐಟಿ ಮದ್ರಾಸಿನ ಎಐ4ಭಾರತ್ ಇವೆಲ್ಲ ಭಾರತದ ಭಾಷೆಗಳ ಮೇಲೆಯೇ ಕೆಲಸ ಮಾಡುತ್ತಿವೆ. 2024ರಲ್ಲಿ ಗೂಗಲ್ ಅನುವಾದಕ್ಕೆ ತುಳು ಸೇರಿತು, ಅದೇ ವರ್ಷ ತುಳು ಲಿಪಿ ಕಂಪ್ಯೂಟರಿನ ಅಕ್ಷರಗಳ ಪಟ್ಟಿಯಾದ ಯೂನಿಕೋಡಿಗೂ ಬಂತು. ಧ್ವನಿ ಗುರುತಿಸುವ, ಅನುವಾದ ಮಾಡುವ ಮಾಡೆಲ್ ಸರಿ ಇದೆಯಾ ಅಂತ ಪರೀಕ್ಷೆ ಮಾಡಲು ಭಾಷೆಯೂ ಗೊತ್ತಿರುವ, ಕೋಡೂ ಗೊತ್ತಿರುವ ಜನ ಬೇಕು. ಅಂಥವರು ಕಮ್ಮಿ. ಮಗಳು ಕೊನೆಯ ವರ್ಷದ ಪ್ರಾಜೆಕ್ಟ್ ಯಾವುದರಲ್ಲಿ ಮಾಡಿದ್ದು ಅಕ್ಕ?

ಪೆರ್ಲದಕ್ಕ:
ಅಡಿಕೆ ಎಲೆಯ ಫೋಟೋ ನೋಡಿ ರೋಗ ಗುರುತಿಸುವ ಆಪ್. ಫೋಟೋ ಎಲ್ಲ ನಮ್ಮ ತೋಟದ್ದೇ.

ತುಳು ಡೇಟಾ:
ಅದನ್ನೇ ರೆಸ್ಯುಮೆಯ ಮೇಲ್ಗಡೆ ಹಾಕಲು ಹೇಳಿ. ಯಾವುದೋ ಕೋರ್ಸಿನ ಸರ್ಟಿಫಿಕೇಟು ಕೆಳಗೆ ಇರಲಿ. ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ ಕಾಸರಗೋಡಿನಲ್ಲೇ ಉಂಟಲ್ಲ, ಅಲ್ಲಿನ ವಿಜ್ಞಾನಿಗಳಿಗೆ ಒಮ್ಮೆ ತೋರಿಸಿ ಅವರ ಅಭಿಪ್ರಾಯ ಪಡೆಯಲಿ. ಎಷ್ಟು ಫೋಟೋ, ಎಷ್ಟು ಸಲ ತಪ್ಪು ಹೇಳಿತು, ಯಾಕೆ ತಪ್ಪಿತು ಎನ್ನುವುದಕ್ಕೆ ಉತ್ತರ ರೆಡಿ ಇರಲಿ. ಇಂಟರ್‌ವ್ಯೂನಲ್ಲಿ ಅದನ್ನೇ ಅಗೆಯುತ್ತಾರೆ.

ಕುಂಬಳೆ ಮಾಷ್ಟ್ರು:
ಕೆಲಸ ಹುಡುಕುವ ದಾರಿ ಸಿಕ್ಕಿತು, ಸಂತೋಷ. ಮಸೂದೆಯ ವಿಷಯ ಹಾಗೇ ಬಿಡಬಾರದು. ಕರ್ನಾಟಕದ ಸಿಇಟಿಯಲ್ಲಿ ಗಡಿನಾಡು ಕನ್ನಡಿಗರಿಗೆ ಈಗಾಗಲೇ ಜಾಗ ಉಂಟು. ಕೇರಳದ ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕಿನವರು, ಮಹಾರಾಷ್ಟ್ರದ ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಗಡಹಿಂಗ್ಲಜ್ ತಾಲೂಕಿನವರು ಅದರಲ್ಲಿ ಬರುತ್ತಾರೆ. ಸೀಟು ಕೊಡುವಾಗ ಕನ್ನಡಿಗರು, ಓದು ಮುಗಿಸಿ ಕೆಲಸ ಕೇಳುವಾಗ ಹೊರಗಿನವರು ಅಂದರೆ ಹೇಗೆ? ಚಂದ್ರಗಿರಿ ಹೊಳೆಯ ಬಡಗು ಭಾಗ ಅಂದಿನ ಮೈಸೂರಿಗೆ ಸೇರಬೇಕು ಅಂತ ಗಡಿ ವಿವಾದದ ಮಹಾಜನ ಆಯೋಗ 1967ರಲ್ಲೇ ಹೇಳಿತ್ತು. ಆ ವರದಿಯೇ ಅಂತಿಮ ಎಂದು ಕರ್ನಾಟಕ ಇವತ್ತಿಗೂ ಹೇಳುತ್ತದೆ. ಹಾಗೆ ಹೇಳುವ ಸರ್ಕಾರ ತನ್ನ ಮಸೂದೆಯಲ್ಲಿ ನಮ್ಮನ್ನು ಮರೆಯುವ ಹಾಗಿಲ್ಲ.

ನಾವು ಕೇಳಬೇಕಾದದ್ದು ಇಷ್ಟು: ಸಿಇಟಿಯ ಗಡಿನಾಡು ಪಟ್ಟಿಯಲ್ಲಿರುವ ತಾಲೂಕುಗಳಲ್ಲಿ ಹತ್ತನೇ ವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಹುಟ್ಟಿನ, ವಾಸದ ಷರತ್ತು ಬೇಡ. ಮನವಿ ಬರೆದು ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರಕ್ಕೆ, ಕಾರ್ಮಿಕ ಇಲಾಖೆಗೆ ಕಳಿಸೋಣ. ಮಸೂದೆ ಮತ್ತೆ ಬರುವ ಮೊದಲೇ ಹೋಗಬೇಕು. ಬಂದ ಮೇಲೆ ಕೂಗಿದರೆ ತಿದ್ದುಪಡಿಗೆ ಯಾರೂ ಕೈಹಾಕುವುದಿಲ್ಲ.

ಓಪನ್ ಮಾರ್ಕೆಟ್:
ಮೀಸಲಾತಿಗೆ ನನ್ನ ವಿರೋಧ ಹಾಗೇ ಉಂಟು. ಆದರೆ ಸಿಇಟಿಯಲ್ಲಿ ಒಂದು ಲೆಕ್ಕ, ಕೆಲಸದಲ್ಲಿ ಇನ್ನೊಂದು ಲೆಕ್ಕ ಸರಿಯಲ್ಲ. ಮನವಿಗೆ ನನ್ನ ಹೆಸರು ಹಾಕಿ.

ಬೆಂಚ್‌ನಲ್ಲಿರುವವನು:
ಕೆಲಸದಿಂದ ತೆಗೆಯುವ ನಿಯಮದ ಬಗ್ಗೆಯೂ ಒಂದು ಸಾಲು ಸೇರಿಸುತ್ತೀರಾ ಮಾಷ್ಟ್ರೇ?

ಕುಂಬಳೆ ಮಾಷ್ಟ್ರು:
ಅದು ಬೇರೆ ಮನವಿಯಾಗಿ ಹೋಗಲಿ ತಮ್ಮ. ಎರಡನ್ನು ಸೇರಿಸಿದರೆ ಎರಡೂ ಫೈಲಿನಲ್ಲೇ ಕೂರುತ್ತವೆ. ಅದರ ಕರಡು ನೀವು ಬರೆಯಿರಿ, ಓದಿ ಸರಿಮಾಡಿ ಕೊಡುತ್ತೇನೆ.

ಜತ್ತದ ಶಿಕ್ಷಕ:
ಮಹಾರಾಷ್ಟ್ರದ ನೇಮಕಾತಿ ಜಾಹೀರಾತಿನಲ್ಲಿ 865 ಊರಿನ ಆ ಸಾಲು ಹೇಗೆ ಬರೆದಿದ್ದಾರೆ ಅಂತ ಮರಾಠಿಯಿಂದ ಕನ್ನಡಕ್ಕೆ ಮಾಡಿ ಕಳಿಸುತ್ತೇನೆ. ಮನವಿಯ ಜೊತೆ ಲಗತ್ತಿಸಿ. ಅಕ್ಕಲಕೋಟೆಯ ಶಿಕ್ಷಕರನ್ನೂ ಸೇರಿಸಿಕೊಳ್ಳುತ್ತೇನೆ.

ಹೊಸೂರು ಗೇಟ್:
ಬರೀ ಆ ಪಟ್ಟಿಯ ತಾಲೂಕುಗಳು ಅಂತ ಬರೆದರೆ ತಮಿಳುನಾಡಿನ ನಾವು, ತಾಳವಾಡಿಯವರು ಎಲ್ಲ ಮತ್ತೆ ಹೊರಗೇ. ಗಡಿಯಾಚೆ ಎಲ್ಲೇ ಆದರೂ ಹತ್ತನೇ ವರೆಗೆ ಕನ್ನಡ ಓದಿದವರು ಅಂತ ಹಾಕಿ ಮಾಷ್ಟ್ರೇ. ಇಲ್ಲದಿದ್ದರೆ ನಾನು ಸಹಿ ಹಾಕುವುದಿಲ್ಲ.

ಕುಂಬಳೆ ಮಾಷ್ಟ್ರು:
ಅಷ್ಟು ಅಗಲ ಮಾಡಿದರೆ ಒಪ್ಪುತ್ತಾರಾ ಎನ್ನುವ ಭಯ ನನಗೆ. ಆದರೆ ನೀವು ಹೇಳುವುದರಲ್ಲಿ ನ್ಯಾಯ ಉಂಟು. ಎಲ್ಲರೂ ಇದರ ಬಗ್ಗೆ ಹೇಳಿ, ಭಾನುವಾರದೊಳಗೆ ಕರಡು ಹಾಕುತ್ತೇನೆ.

ಮಧೂರು ಪಯಸ್ವಿನಿ:
ಹೊಸೂರಿನವರ ಮಾತಿಗೇ ನನ್ನ ಮತ. ಭಾಷೆಯನ್ನೇ ಅಳತೆ ಮಾಡಿ, ತಾಲೂಕನ್ನು ಬಿಡಿ.